ಅಜ್ಜಿಯ ಒಂದು ಸುತ್ತು

…ಅಯ್ಯೋ, ಬಾಗಿಲು ಅಷ್ಟು ಜೋರಾಗಿ ಹಾಕಬೇಡಿ ರೀ! ವ್ಯಾನಾದ್ರೇನು, ಅಜ್ಜಿಗೂ ನೋವಾಗತ್ತೆ. ಹಾಂ, ಮೆಲ್ಲಗೆ ಎಳ್ಕೊಳ್ಳಿ... ಕೂತಿತು. ನೋಡಿ, ಬಾವುಟ ಆಡಿಸಿದ್ರು. ಹೊರಟೆ!

ಯಾಕ್ರೀ ಮುಖ ಹಾಗೆ? ನಾನೇನು ನಿಮ್ಮನ್ನ ಕದ್ದುಕೊಂಡು ಹೋಗ್ತಿದ್ದೀನಾ? ಗಂಡನ್ನ ಪಕ್ಕದಲ್ಲಿ ಕೂರಿಸ್ಕೊಂಡು ಟ್ರ್ಯಾಕಲ್ಲಿ ಒಂದು ಸುತ್ತು ಹೋಗೋ ಆಸೆ ಅಂದೆ, ಅಷ್ಟೇ. ಗೇಟಿನವನು ನಕ್ಕು, ಕೈ ಹಿಡಿದು ಹತ್ತಿಸೇಬಿಟ್ಟ ನಿಮ್ಮನ್ನ. ಅಷ್ಟು ಜನರ ಎದುರಿಗೆ ಒಲ್ಲೆ ಅನ್ನಕ್ಕಾಗ್ಲಿಲ್ಲ, ಅಲ್ವಾ? ಹೊರಗೆ ನಿಂತು ಫೋಟೋ ತೆಗೀತೀನಿ ಅಂದ್ರಲ್ಲ, ಆ ಚಿಂತೆ ಬಿಡಿ. ನಮ್ಮಣ್ಣ ತೆಗೀತಾನೆ. ಗ್ಯಾರೇಜಿಗೆ ಬೀಗ ಹಾಕಿ ಬಂದು ಕೆಳಗಿನ ತಿರುವಿನ ಹತ್ರ ನಿಂತಿದಾನೆ.

ಕೇಳಿಸ್ತಾ? ಚಪ್ಪಾಳೆ ಕೇಳಿಸ್ತಾ? ಬೆಳಗ್ಗಿಂದ ಅಷ್ಟು ರೇಸ್ ಕಾರು ಓಡಿದ್ವು, ಒಬ್ರೂ ಎದ್ದು ನಿಂತಿರ್ಲಿಲ್ಲ. ಮಧ್ಯದ ಬಿಡುವಲ್ಲಿ ಹಳೇ ಗಾಡಿಗಳನ್ನ ಒಂದು ಸುತ್ತು ಬಿಟ್ರೆ... ಅಗೋ, ಎಲ್ಲಾ ಎದ್ದುಬಿಟ್ರು! ಮಿಕ್ಕ ಹಳೇ ಗಾಡಿಗಳೆಲ್ಲ ಆಗಲೇ ಮಾಯ. ಅಜ್ಜಿ ಮಾತ್ರ... ಬರ್ತಾ ಇದಾಳೆ, ಬರ್ತಾ ಇದಾಳೆ... ಪೋಂಯ್! ಪೋಂಯ್! ನಗಲ್ವಾ ನೀವು? ಈ ಹಾರ್ನಿಗೆ ನಗದೇ ಇರೋರನ್ನ ನಾನು ನೋಡೇ ಇಲ್ಲ.

ನಮ್ಮಪ್ಪ ಈ ವ್ಯಾನಲ್ಲಿ ಮನೆಮನೆಗೆ ಬ್ರೆಡ್ ಹಾಕ್ತಿದ್ದಾಗ್ಲೂ ಹೀಗೇ ಅಂತೆ. ಬೀದಿ ಕೊನೇಲಿ ಪೋಂಯ್ ಅಂದ್ರೆ ಸಾಕು, ಮಕ್ಕಳೆಲ್ಲ ಹಲ್ಲುಜ್ಜೋ ಬ್ರಷ್ ಬಾಯಲ್ಲಿಟ್ಕೊಂಡೇ ಓಡಿ ಬರ್ತಿದ್ವು. ಈ ಗುಂಡು ಹೆಡ್‌ಲೈಟು, ಈ ಕೆನೆ ಬಣ್ಣ... ಯಾರಿಗೆ ತಾನೇ ಪ್ರೀತಿ ಬರಲ್ಲ! ವೇಗ ಐವತ್ತು ದಾಟಿದ್ರೆ ಕನ್ನಡಿ ಗಡಗಡ ಅನ್ನತ್ತೆ, ಅದೊಂದು ಬಿಟ್ರೆ. ಇಂಜಿನ್ನು ನಮ್ಮಿಬ್ಬರ ಮಧ್ಯೆ, ಈ ಡಬ್ಬದೊಳಗೆ. ಮೊಣಕಾಲಿಗೆ ಬೆಚ್ಚಗಿದೆಯಲ್ಲ? ಮದುವೆಯಾದ ಹೊಸದರಲ್ಲಿ ಇದರ ಮೇಲೆ ನನ್ನ ಕೈ, ಅದರ ಮೇಲೆ ನಿಮ್ಮ ಕೈ. ನೆನಪಿದೆಯಾ?

...ಹುಂ. ಇರಲಿ.

ಯಾಕೆ ನನ್ನ ಕಾಲನ್ನೇ ನೋಡ್ತಿದ್ದೀರಿ? ಹೊಸ ಚಪ್ಪಲಿ ಏನಲ್ಲ. ನಿಮ್ಮ ಕಾಲು ಯಾಕೆ ಹಾಗೆ ನೆಲ ಒತ್ತುತ್ತಿದೆ? ನಿಮ್ಮ ಕಡೆ ಬ್ರೇಕಿಲ್ಲ ರೀ!

ತಮಾಷೆಗೆ ಅಂದೆ.

ಗೊತ್ತು, ನಿಮಗೆ ಈ ಚಪ್ಪಾಳೆ ಹಿಡಿಸಲ್ಲ. ಎಷ್ಟು ವರ್ಷ ಓಡಿಸಿದ್ರಿ ಇಲ್ಲಿ! ನೆಲಕ್ಕೆ ಅಂಟ್ಕೊಂಡ ಹಾಗೆ ಹೋಗ್ತಿತ್ತು ನಿಮ್ಮ ಕಾರು. ಒಂದ್ಸಲ ಮೂರನೇದಾಗಿ ಬಂದಿದ್ರಿ... ನಾಲ್ಕನೇದಾ? ಆಯ್ತು, ನಾಲ್ಕು. ಆಮೇಲೆ ಆ ಕೆಳಗಿನ ತಿರುವು ನಿಮ್ಮ ಬೆನ್ನು ಮುರೀತು. ಅದಾದ ಮೇಲೆ ಟ್ರ್ಯಾಕಿಗೆ ಬಂದವಳು ಅಜ್ಜಿ. ಅವತ್ತು ಊಟಕ್ಕೆ ಕೂತಾಗ ಅಂದ್ರಲ್ಲ, ‘ಈಗ ಜನ ನನ್ನನ್ನ ಏನಂತ ಕರೀತಾರೆ ಗೊತ್ತಾ? ಬ್ರೆಡ್ ವ್ಯಾನಿನವಳ ಗಂಡ ಅಂತ.’ ನಾನು ನಕ್ಕುಬಿಟ್ಟೆ. ನೀವು ತಟ್ಟೆ ತಳ್ಳಿ ಎದ್ದುಹೋದ್ರಿ. ಆಮೇಲೆ ವ್ಯಾನಿನ ಷೆಡ್ ಕಡೆ ತಿರುಗಿಯೂ ನೋಡ್ಲಿಲ್ಲ.

ನಿನ್ನೆ ಸಂಜೆ ಮಾತ್ರ ಹೋಗಿದ್ರಿ.

ಏನಿಲ್ಲಪ್ಪ, ಸುಮ್ನೆ ಅಂದೆ. ‘ಟೈರಿನ ಗಾಳಿ ನೋಡ್ದೆ’ ಅಂದ್ರಿ. ಎಷ್ಟು ಖುಷಿಯಾಯ್ತು ಗೊತ್ತಾ! ಕೋಪ ಇಳೀತು, ಅಜ್ಜಿ ಜೊತೆ ರಾಜಿಯಾದ್ರು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಬಚ್ಚಲಲ್ಲಿ ಕೈಗೆ ಸೋಪು ಹಚ್ತಾನೇ ಇದೀರಿ, ಹಚ್ತಾನೇ ಇದೀರಿ... ಗಾಳಿ ನೋಡಿದ ಕೈಗೆ ಅಷ್ಟು ಸೋಪು ಯಾಕೆ? ಕೇಳ್ಲಿಲ್ಲ ನಾನು. ಟವೆಲ್ ಕೊಟ್ಟೆ.

ಬೆಳಗ್ಗೆ ಇನ್ನೊಂದು ಸಂಭ್ರಮ! ‘ಅಜ್ಜಿಗೆ ದಣಿವಾಗತ್ತೆ, ಓಡಿಸ್ಕೊಂಡು ಬರಬೇಡ, ಲಾರಿ ಮೇಲೆ ಹೇರೋಣ’ ಅಂತ ನೀವೇ ಲಾರಿ ತರಕ್ಕೆ ಹೋದ್ರಿ. ನಾನು ಷೆಡ್ಡಿಗೆ ಹೋದೆ. ಮುಂದಿನ ಚಕ್ರದ ಕೆಳಗೆ ನೆಲ ಒದ್ದೆ. ಬೆರಳಲ್ಲಿ ಮುಟ್ಟಿದೆ. ನೀರಲ್ಲ... ಜಾರ್ತಿತ್ತು.

ಹಳೇ ಗಾಡಿ, ಎಲ್ಲಾದ್ರೂ ಸೋರತ್ತೆ. ಅಲ್ವಾ?

ಅಲ್ವಾ ಅಂತ ಕೇಳ್ದೆ.

ಅಬ್ಬಾ, ಏರು ಬಂತು. ಕರ್ರ್... ತಪ್ಪಾಯ್ತು ಅಜ್ಜಿ, ಗೇರು ತಡವಾಯ್ತು. ನಿಧಾನ, ನಿಧಾನ. ಪಕ್ಕದಲ್ಲಿ ಯಾರಾದ್ರೂ ನಡ್ಕೊಂಡು ಬಂದ್ರೂ ನಮಗಿಂತ ಮುಂದೆ ಹೋಗ್ತಾರೆ! ಬಾಗಿಲ ಹಿಡಿ ಯಾಕೆ ತಿರುಗಿಸ್ತಿದ್ದೀರಿ? ಆ ಕಡೆ ಬಾಗಿಲು ಒಳಗಿಂದ ತೆಗೆಯಕ್ಕೆ ಬರಲ್ಲ, ನಿಮಗೇ ಗೊತ್ತಲ್ಲ.

ಅರೆ, ಸೀಟ್ ಬೆಲ್ಟು ಯಾವಾಗ ಹಾಕ್ಕೊಂಡ್ರಿ? ಅಣ್ಣ ನಿಮ್ಮ ಕಡೆಗೆ ಮಾತ್ರ ಹಾಕಿಸಿದಾನೆ, ನನ್ನ ಕಡೆದು ಇನ್ನೂ ಆಗಿಲ್ಲ. ಬಿಚ್ಚಬೇಡಿ, ಬಿಚ್ಚಬೇಡಿ... ನಾನೇನಂದೆ ಈಗ? ಇನ್ನೂ ಬಿಗಿಯಾಗಿ ಎಳ್ಕೊಳ್ತಿದ್ದೀರಲ್ಲ.

ತುದಿ ಬಂತು. ಇಲ್ಲಿಂದ ಎಲ್ಲಾ ಕಾಣತ್ತೆ. ಕೆಳಗೆ ನಿಮ್ಮ ತಿರುವು. ಅದರಾಚೆ ಟೈರು ಪೇರಿಸಿದಾರೆ, ಅದರ ಹಿಂದೆ ಗೋಡೆ. ಇಳಿಜಾರಲ್ಲಿ ಈ ಮುದುಕಿ ಕೂಡ ಓಡ್ತಾಳೆ. ಭಾರದ ಮೈ ನೋಡಿ.

ಒಂದು ಮಾತು ಕೇಳ್ಲಾ? ವ್ಯಾನ್ ಮಾತ್ರ ಜಜ್ಜಿಹೋಗ್ಲಿ ಅಂತಿದ್ರಾ... ಇಲ್ಲ, ನಾನೂನಾ?

ಕತ್ತು ಅಲ್ಲಾಡಿಸಬೇಡಿ, ಬಾಯಲ್ಲಿ ಹೇಳಿ. ಬ್ರೇಕ್ ಮೇಲೆ ಇನ್ನೂ ಕಾಲಿಟ್ಟಿಲ್ಲ ನಾನು. ಇಳೀತಾ ಇದೀವಿ ರೀ... ಜೋರಾಗ್ತಾ ಇದೆ... ಕನ್ನಡಿ ನಡುಗ್ತಿದೆ... ಏನಾದ್ರೂ ಅನ್ನಿ! ನಿಲ್ಲಿಸು ಅನ್ನಿ. ಗೇರ್ ಇಳಿಸು ಅನ್ನಿ. ಹುಷಾರು ಕಣೇ ಅಂತಾದ್ರೂ ಅನ್ನಿ! ಬೆಲ್ಟ್ ಹಿಡ್ಕೊಂಡು... ಕಣ್ಣು ಮುಚ್ಕೊಂಡ್ರಾ? ನನ್ನ ಕಡೆ ನೋಡದೇನೇ? ರೀ... ರೀ!

...

ಕಣ್ಣು ಬಿಡಿ. ನಿಂತಿದೀವಿ.

ಬ್ರೇಕ್ ಇದೆ. ನೀವು ಲಾರಿ ತರಕ್ಕೆ ಹೋದಾಗ ಅಣ್ಣ ಬಂದು ಬ್ರೇಕಿನ ಪೈಪು ಬಿಗಿ ಮಾಡಿ, ಎಣ್ಣೆ ತುಂಬಿಸಿ ಹೋದ. ‘ಇದು ತಾನಾಗಿ ಸಡಿಲ ಆದದ್ದಲ್ಲ ಕಣೇ, ದಾರೀಲೇ ನಿನಗೆ ಗೊತ್ತಾಗ್ಬಾರ್ದು ಅಂತಾನೇ ಲಾರಿ’ ಅಂದ. ಪೋಲೀಸಿಗೆ ಹೇಳ್ತೀನಿ ಅಂದ. ಕಾಲಿಗೆ ಬಿದ್ದು ತಡೆದೆ. ‘ಅವರೇ ಬಾಯಿಬಿಟ್ಟು ಹೇಳ್ತಾರೆ ಅಣ್ಣ, ಪಕ್ಕದಲ್ಲೇ ಕೂರಿಸ್ಕೊತೀನಿ, ತಿರುವು ಬರೋದ್ರೊಳಗೆ ಹೇಳೇ ಹೇಳ್ತಾರೆ’ ಅಂದೆ.

ನಿಲ್ಲಿಸು ಅಂದಿದ್ರೆ ಸಾಕಿತ್ತು. ಅದೊಂದೇ ಮಾತು. ಗಾಡಿ ಸೋರ್ತಿತ್ತು, ರಿಪೇರಿ ಆಯ್ತು ಅಂತ ಮನಸ್ಸಿಗೆ ಹೇಳ್ಕೊಂಡು ಮನೆಗೆ ಹೋಗಿ ಒಲೆ ಹಚ್ತಿದ್ದೆ. ಸಾಯೋತನಕ ಬಾಯಿ ಬಿಡ್ತಿರ್ಲಿಲ್ಲ.

ಈಗ್ಲೂ ಮಾತಿಲ್ವಾ?

ಅಣ್ಣ ಓಡಿ ಬರ್ತಿದಾನೆ. ಅವನ ಹಿಂದೆ ಟ್ರ್ಯಾಕಿನವರು ಇನ್ನಿಬ್ಬರು. ಜನ ಏನೋ ಆಟ ಅಂದ್ಕೊಂಡು ಕೂಗ್ತಾ ಇದಾರೆ... ನನ್ನ ಬೆರಳು ನೋಡಿ, ಸ್ಟೇರಿಂಗಿಂದ ಬಿಡಿಸಕ್ಕೇ ಆಗ್ತಿಲ್ಲ.

ಇಳಿ.

ಹೌದು, ನಿನಗೇ ಹೇಳ್ತಿರೋದು. ಇಳಿ.