ಮೈನಸ್ ಚಿಹ್ನೆ ತೆಗೆದವಳ ಎರಡನೇ ಹೇಳಿಕೆ

ನನ್ನ ಹೆಸರು, ವಿಳಾಸ ನಿನ್ನೆಯ ಹೇಳಿಕೆಯಲ್ಲಿ ಬರೆದುಕೊಂಡಿರುವಂತೆಯೇ ಇವೆ. ವಯಸ್ಸು 34. ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಂ ಬರೆಯುವ ಕೆಲಸ. ಯಾರೂ ಕರೆಯದೆ, ಇಂದು ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನಿನ್ನೆ ನಾನು ಕೊಟ್ಟ ವರದಿ ತಪ್ಪು.

ದಿನಾಂಕ 15-09-2025ರ ಸೋಮವಾರ ಬೆಳಿಗ್ಗೆ ಸುಮಾರು 9 ಗಂಟೆಗೆ ರಕ್ತ ಇಡುವ ಫ್ರಿಜ್ಜು ಕೆಟ್ಟುನಿಂತಿತು. ನರ್ಸ್‌ಗಳ ಕೋಣೆಯಲ್ಲಿ ಅಲಾರಂ ಆಗಲಿಲ್ಲ. ಅಲ್ಲಿನ ಪರದೆ 4 ಡಿಗ್ರಿ ಎಂದೇ ತೋರಿಸುತ್ತಿತ್ತು. ಮಧ್ಯಾಹ್ನ 1.40ಕ್ಕೆ ಹೆರಿಗೆಯಾದ ಒಬ್ಬ ಹೆಣ್ಣುಮಗಳಿಗೆ ರಕ್ತ ಬೇಕಾಗಿ ಫ್ರಿಜ್ಜು ತೆರೆದಾಗ ಒಳಗೆ 14 ಡಿಗ್ರಿ ಇತ್ತು. ಇದ್ದ 31 ಚೀಲಗಳಲ್ಲಿ ಒಂದೂ ಬಳಸುವಂತಿರಲಿಲ್ಲ. 22 ಕಿಲೋಮೀಟರ್ ದೂರದ ಇನ್ನೊಂದು ಆಸ್ಪತ್ರೆಯಿಂದ ರಕ್ತ ಬಂದಾಗ 3.05. ಆಕೆ 2.50ಕ್ಕೆ ತೀರಿಕೊಂಡಿದ್ದರು. ಮಗು ಚೆನ್ನಾಗಿದೆ ಎಂದು ವಾರ್ಡಿನ ನರ್ಸ್ ಹೇಳಿದರು.

ಅಲಾರಂ ಯಾಕೆ ಆಗಲಿಲ್ಲವೆಂದು ಹುಡುಕಿದಾಗ, ವೈರ್ ರೂಮಿನಲ್ಲಿ ಫ್ರಿಜ್ಜಿನ ಡಿಗ್ರಿ ಅಂಕಿ ತರುವ ಕೇಬಲ್ ಸ್ವಿಚ್ಚಿನ 14ನೇ ಕಿಂಡಿಯಿಂದ ಹೊರಗೆ ನೇತಾಡುತ್ತಿತ್ತು. ಅದೇ ಸಂಜೆ 5 ಗಂಟೆಗೆ ಪೊಲೀಸರು ಆ ಕೋಣೆಗೆ ಬೀಗ ಹಾಕಿದರು. ಕೇಬಲ್ ಯಾವಾಗ ಕಿತ್ತರು ಎಂಬುದಷ್ಟೇ ಉಳಿದಿತ್ತು.

ಆಸ್ಪತ್ರೆಯ ಕಂಪ್ಯೂಟರ್ ಕೇಬಲ್‌ಗಳೆಲ್ಲ ಬಂದು ಸೇರುವ ಈ ಸ್ವಿಚ್ಚೆಂಬ ಪೆಟ್ಟಿಗೆಗೆ ತಾರೀಕು ಗೊತ್ತಿಲ್ಲ. ಆನ್ ಮಾಡಿದಾಗಿನಿಂದ ಸೆಕೆಂಡಿಗೆ ನೂರರಂತೆ ಎಣಿಸುತ್ತ ಹೋಗುತ್ತದೆ. ಯಾವ ಕೇಬಲ್ ಎಷ್ಟನೇ ಎಣಿಕೆಯಲ್ಲಿ ಕಳಚಿತು ಎಂದು ನೆನಪಿಟ್ಟುಕೊಳ್ಳುತ್ತದೆ. ಆ ಎಣಿಕೆಯನ್ನು ಮನುಷ್ಯರು ಓದುವ ತಾರೀಕು, ಗಂಟೆಯಾಗಿ ತಿರುಗಿಸುವ ಕೋಡ್ ಬರೆದವಳು ನಾನು.

17ರ ಬುಧವಾರ 11.30ಕ್ಕೆ ನನ್ನ ಮೇಜಿನ ಕಂಪ್ಯೂಟರಿನಿಂದಲೇ ಆ ಕೋಡ್ ಓಡಿಸಿದೆ. 19ನೇ ತಾರೀಕು ಮಧ್ಯಾಹ್ನ 2.40 ಎಂದು ಬಂತು. ಪಕ್ಕದ ಕುರ್ಚಿಯ ಸಹೋದ್ಯೋಗಿ ನೋಡಿ, ಓಹೋ, ನಾಡಿದ್ದು ಆಗೋದನ್ನ ಇವತ್ತೇ ಹೇಳ್ತಿದೆಯಲ್ಲಾ, ಒಂದು ಬೋರ್ಡ್ ಹಾಕ್ಕೊಂಡು ಭವಿಷ್ಯ ಹೇಳೋಕೆ ಕೂತ್ಕೊಳಮ್ಮಾ ಎಂದರು. ನಾನೂ ನಕ್ಕೆ. ಈಗಿನ ಎಣಿಕೆಯಿಂದ ಕಳಚಿದಾಗಿನ ಎಣಿಕೆ ಕಳೆದರೆ ಉತ್ತರ ಮೈನಸ್ ಬರುತ್ತಿತ್ತು. ಅಷ್ಟರಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಬಂದು, ಬೇಗ ಕೊಡಮ್ಮಾ, ಇನ್‌ಸ್ಪೆಕ್ಟರ್ ಕಾಯ್ತಾ ಕೂತಿದ್ದಾರೆ ಎಂದರು. ನಾನು ಕೋಡಿನಲ್ಲಿ ಒಂದು ಪದ ಸೇರಿಸಿ ಮೈನಸ್ ಚಿಹ್ನೆ ಬಾರದಂತೆ ಮಾಡಿದೆ. ಆಗ 15ನೇ ತಾರೀಕು ಬೆಳಿಗ್ಗೆ 8.20 ಎಂದು ಬಂತು. ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಇನ್ನೊಮ್ಮೆ ನೋಡಲಿಲ್ಲ. ಸಹಿ ಹಾಕಿ ಕೊಟ್ಟೆ.

ವೈರ್ ರೂಮಿನ ರಿಜಿಸ್ಟರಿನಲ್ಲಿ ಅಂದು 8.05ರಿಂದ 8.35ರವರೆಗೆ ಒಬ್ಬರದೇ ಸಹಿ ಇತ್ತು. ಅವರು ಏಸಿ, ಫ್ರಿಜ್ಜು ರಿಪೇರಿ ಮಾಡುವ ಮೆಕ್ಯಾನಿಕ್. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ತಂಪಣ್ಣ ಎನ್ನುತ್ತಾರೆ. ಏಸಿ ಫಿಲ್ಟರ್ ತೊಳೆಯಲು ಹೋಗಿದ್ದರು. ನಿನ್ನೆ ಸಂಜೆ 4.15ಕ್ಕೆ ಅವರನ್ನು ಜೀಪಿನಲ್ಲಿ ಕರೆದುಕೊಂಡು ಹೋದುದನ್ನು ನಾನು ಕಿಟಕಿಯಿಂದ ನೋಡಿದೆ.

ಇಂದು 18ರ ಬೆಳಿಗ್ಗೆ 10 ಗಂಟೆಗೆ ತಂಪಣ್ಣನ ಹೆಂಡತಿ ನನ್ನ ಮೇಜಿನ ಹತ್ತಿರ ಬಂದರು. ಅಕ್ಕಾ, ಆ ಕಾಗದದಲ್ಲಿ ಏನಿದೆ ಅಂತ ಸ್ವಲ್ಪ ಬಿಡಿಸಿ ಹೇಳಿ, ಅವರು ಆ ವೈರು ಮುಟ್ಟೇ ಇಲ್ಲ ಅಂತಾರೆ, ಕಂಪ್ಯೂಟರ್ ಸುಳ್ಳು ಹೇಳುತ್ತಾ ಅಂತ ನಿನ್ನೆ ಲಾಕಪ್ ಮುಂದೆ ನಿಂತು ಅವರಿಗೇ ಬಾಯಿಗೆ ಬಂದ ಹಾಗೆ ಬೈದು ಬಂದೆ, ಒಂದು ತಾಯಿ ಜೀವ ತೆಗೆದ್ಯಲ್ಲೋ ಅಂದುಬಿಟ್ಟೆ ಎಂದರು. ಅವರಿಗೆ ತೋರಿಸಲೆಂದು 10.15ಕ್ಕೆ ಕೋಡನ್ನು ಮತ್ತೆ ಓಡಿಸಿದೆ. ಈ ಸಲ ಕೇಬಲ್ ಕಿತ್ತ ಸಮಯ 17ನೇ ತಾರೀಕು ಬೆಳಿಗ್ಗೆ 5.50 ಎಂದು ಬಂತು. ಆ ಹೊತ್ತಿಗೆ ಆ ಕೋಣೆಗೆ ಪೊಲೀಸರದೇ ಬೀಗವಿತ್ತು. ಆಗಿಹೋದ ಸಂಗತಿಯ ಸಮಯ ದಿನಕ್ಕೊಂದು ಆಗುವುದಿಲ್ಲ.

ಸ್ವಿಚ್ಚಿನ ಎಣಿಕೆ 497 ದಿನ 2 ಗಂಟೆ 28 ನಿಮಿಷಕ್ಕೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಇದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಈ ಸ್ವಿಚ್ಚನ್ನು ಎರಡು ವರ್ಷಕ್ಕೂ ಹೆಚ್ಚು ಕಾಲದಿಂದ ಯಾರೂ ಆರಿಸಿಲ್ಲ. ನಡುವೆ ಒಮ್ಮೆ ಎಣಿಕೆ ತುಂಬಿ ಸೊನ್ನೆಯಾಗಿದೆ. ಮೈನಸ್ ಚಿಹ್ನೆ ಹೇಳುತ್ತಿದ್ದುದು ಅದನ್ನೇ. ಹಾಗೆ ತುಂಬಿಹೋದ 497 ದಿನಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಕೇಬಲ್ ಕಿತ್ತ ಸಮಯ 10-05-2024, ಮಧ್ಯಾಹ್ನ 12.12. ಅಂದಿನಿಂದ ಫ್ರಿಜ್ಜಿನ ಅಲಾರಂ ಇರಲೇ ಇಲ್ಲ. ಹೊಸ ಅಂಕಿ ಬಾರದಿದ್ದರೆ ಪರದೆ ಹಳೆಯದನ್ನೇ ತೋರಿಸುತ್ತದೆ. ನಾಲ್ಕು ಅಂದ್ರೆ ನಾಲ್ಕೇ, ಅಲ್ಲಾಡಲ್ಲ, ಎಂಥಾ ಫ್ರಿಜ್ಜಪ್ಪಾ ಎಂದು ಹಿರಿಯ ನರ್ಸ್ ಹೊಗಳಿದ್ದನ್ನು ನಾನೇ ಕೇಳಿದ್ದೇನೆ.

ತಂಪಣ್ಣ ಕೆಲಸಕ್ಕೆ ಸೇರಿ ಹನ್ನೊಂದು ತಿಂಗಳಾಗಿದೆ.

2024ರ ಆ ದಿನ ವೈರ್ ರೂಮಿನಲ್ಲಿದ್ದವಳು ನಾನು. ಇದೇ ಕೋಡನ್ನು ಆಗಷ್ಟೇ ಬರೆದು ಮುಗಿಸಿದ್ದೆ. ಅದು ಸಮಯವನ್ನು ಸರಿಯಾಗಿ ತೋರಿಸುತ್ತದೆಯೇ ಎಂದು ನೋಡಲು ಒಂದು ಕೇಬಲ್ ಕೀಳಬೇಕಿತ್ತು. ಕೈಗೆ ಸಿಕ್ಕಿದ್ದನ್ನು ಕಿತ್ತೆ. ಅದು ಎಲ್ಲಿಗೆ ಹೋಗುತ್ತದೆಂದು ಚೀಟಿ ಇರಲಿಲ್ಲ, ನಾನು ಕೇಳಲೂ ಇಲ್ಲ. 12.15ಕ್ಕೆ ಮುಖ್ಯಸ್ಥರಿಗೆ, ಕಿತ್ತೆ ಸರ್, 12.12 ಅಂತ ಕರೆಕ್ಟಾಗಿ ತೋರಿಸ್ತು ಎಂದು ಮೆಸೇಜ್ ಕಳಿಸಿದೆ. ಭೇಷ್, ಊಟಕ್ಕೆ ಬಾ ಎಂದು ಉತ್ತರ ಬಂತು. ಹೋದೆ. ಮೆಸೇಜ್ ಈಗಲೂ ನನ್ನ ಫೋನಿನಲ್ಲಿದೆ, ಹಾಜರುಪಡಿಸಿದ್ದೇನೆ. ಕೇಬಲನ್ನು ಮತ್ತೆ ಹಾಕಿದ ನೆನಪಿಲ್ಲ. ನೆನಪು ಬೇಕಾಗಿಯೂ ಇಲ್ಲ, ಹಾಕಿಲ್ಲವೆಂದು ಸ್ವಿಚ್ಚೇ ಹೇಳುತ್ತಿದೆ.

ಇಂದು 11.05ಕ್ಕೆ ಇದನ್ನೆಲ್ಲ ಮುಖ್ಯಸ್ಥರಿಗೆ ತಿಳಿಸಿದೆ. ಅವರು ಬಾಗಿಲು ಹಾಕಿ, ಆಗಿದ್ದು ಆಗೋಯ್ತು, ನೀನಾಗಿ ಹೋಗಿ ತಲೆ ಕೊಡಬೇಡ, ನಿನ್ನ ಮಗು ಇನ್ನೂ ಚಿಕ್ಕದು ಎಂದರು. ನನಗೆ ಭಯವಾಗಲಿಲ್ಲ, ಅಳುವೂ ಬರಲಿಲ್ಲ. ಮೈಯೆಲ್ಲ ಜೋಮು ಹಿಡಿದಂತಿತ್ತು, ಈಗಲೂ ಹಾಗೆಯೇ ಇದೆ. ಆಸ್ಪತ್ರೆಯಿಂದ ಠಾಣೆಗೆ 1.3 ಕಿಲೋಮೀಟರ್. ನಡೆದೇ ಬಂದೆ.

12.40ಕ್ಕೆ ಲಾಕಪ್ ದಾಟಿ ಬರುವಾಗ ತಂಪಣ್ಣ ನನ್ನನ್ನು ನೋಡಿ ಎದ್ದು ನಿಂತರು. ಅಯ್ಯೋ, ನನಗೋಸ್ಕರ ಇಷ್ಟು ಬಿಸಿಲಲ್ಲಿ ಬಂದ್ರಾ ಅಕ್ಕಾ, ನಿಮ್ಮ ಉಪಕಾರ ಹೇಗೆ ತೀರಿಸ್ಲಿ ಎಂದರು.

ಮೇಲೆ ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ, ಯಾರ ಒತ್ತಾಯವೂ ಇಲ್ಲ. ಕೇಸಿನ ಕಾಗದಗಳಲ್ಲಿ ತಂಪಣ್ಣನ ಹೆಸರು ಬರೆದಿರುವ ಕಡೆಯೆಲ್ಲ ನನ್ನ ಹೆಸರು ಬರೆದುಕೊಳ್ಳಬೇಕೆಂದು ಕೋರುತ್ತೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 18-09-2025, ಮಧ್ಯಾಹ್ನ 1.20
(ಸಹಿ)