ನಾಗಕ್ಕನ ಹಿಮ್ಮಡಿಯ ಕರಿ ಮಚ್ಚೆ

ಹಲೋ... ಕೊಡಿಗೇನಹಳ್ಳಿ ಮೆಡಿಕಲ್ ಶಾಪಾ? ಯಾರು ಮಾತಾಡ್ತಿರೋದು, ಶಿವರಾಜು ಅವರೇನಾ?... ಹಾಂ, ನಾನು ಆಶಾರಾಣಿ. ಮಧುಗಿರಿ ಚರ್ಮದ ಕ್ಲಿನಿಕ್ಕಿಂದ, ಲ್ಯಾಬಿನೋಳು.

...

ಕುರಿ ಕಾಯೋ ನಾಗಕ್ಕ ಬಂದಿದ್ದಾಳಾ ಅಲ್ಲಿ? ಹಿಮ್ಮಡೀಲಿ ಕರಿ ಮಚ್ಚೆ ಇದೆಯಲ್ಲ... ಬೆಂಚ್ ಮೇಲೆ ಕೂತಿದ್ದಾಳಾ? ಸದ್ಯ. ಇವತ್ತು ಕ್ಲಿನಿಕ್ಕಿಗೆ ಬಾ ಅಂದಿದ್ವಿ, ಬಂದಿಲ್ಲ. ತಕ್ಷಣ ಕಳಿಸಿ. ಆ ಮಚ್ಚೇಲಿ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಬೇಕು. ಡಾಕ್ಟ್ರು ಐದು ಗಂಟೆವರೆಗೂ ಇರ್ತಾರೆ, ಆಮೇಲೆ ಒಂದು ತಿಂಗಳು ರಜ.

...

ಬೇಡ ಅಂದ್ರಾ? ನೀವು ಬೇಡ ಅಂದ್ರಾ!... ಕತ್ತರಿ ಹಾಕಿದ್ರೆ ಹರಡುತ್ತಾ? ಯಾರು ಹೇಳಿದ್ದು?... ಓಹೋ, ನಿಮ್ಮ ಅನುಭವ. ಮಾತ್ರೆ ಪಟ್ಟಿ ಕತ್ತರಿಸಿ ಕೊಟ್ಟ ಅನುಭವ, ಅಲ್ವಾ?

...

ಮೊಬೈಲ್ ಫೋಟೋದಲ್ಲೇ ಗೊತ್ತಾಯ್ತಾ ಫಂಗಸ್ ಅಂತ? ಭಾರಿ ಕಣ್ಣು ರೀ ನಿಮ್ದು. ನಮ್ಮ ಡಾಕ್ಟ್ರು ಪಾಪ, ಲೆನ್ಸ್ ಇಟ್ಕೊಂಡು ಕಾಲು ಗಂಟೆ ನೋಡಿದ್ರು. ಎಂಟು ತಿಂಗಳು ಟ್ಯೂಬು ಸವರಿಸಿದೀರಿ. ಕಡಲೆ ಕಾಳಷ್ಟಿದ್ದದ್ದು ರೂಪಾಯಿ ನಾಣ್ಯದಗಲ ಆಗಿದೆ, ಅಂಚು ಒಡೆದು ನೀರು ಬರ್ತಿದೆ. ಅದು ವಾಸಿ ಆಗೋ ಲಕ್ಷಣಾನಾ, ಅಂಗಡಿ ಡಾಕ್ಟರೇ?

...

ಯಾವ ರಿಪೋರ್ಟು?... ನಮ್ದಾ? ಹೋದ ವಾರದ್ದಾ?... ಹಾಂ, ಫಂಗಸ್ ಪಾಸಿಟಿವ್. ಎಲ್ಲಿಂದ ಕೆರೆದಿದ್ದು ಅಂತ ಇದ್ಯಾ ನೋಡಿ. ಮೇಲ್ಗಡೆ... ಕೆಳಗೆ?... ಖಾಲಿ ಇದೆಯಾ? ಸರಿಯಾಗಿ ನೋಡಿದ್ರಾ?

...

ನಗಬೇಡಿ ಶಿವರಾಜು ಅವರೇ. ಅದು ಬೆರಳ ಸಂದಿದು. ಕೆಸರುಹುಣ್ಣು. ಅಲ್ಲಿ ಕೆರೆದು ನೋಡ್ದೆ, ಫಂಗಸ್ ಇತ್ತು. ಹಿಮ್ಮಡಿದು ಬೇರೆ. ಅದು ಕ್ಯಾನ್ಸರ್ ಇರಬಹುದು ಅಂತ ಡಾಕ್ಟ್ರಿಗೆ ಅನುಮಾನ. ಒಂದೇ ಕಾಲಲ್ಲಿ ಎರಡೂ ಇರಬಾರದು ಅಂತ ಏನಾದ್ರೂ ಇದ್ಯಾ?... ಯಾರು ಬರೆದಿದ್ದಾ?... ನಾನೇ. ಜಾಗ ಬರೆಯೋದು ಮರೆತೋಳು ನಾನೇ. ಎರಡೆರಡು ಸಲ ನೋಡ್ತೀನಿ ರೀ ದಿನಾ, ಅವತ್ತು... ಇಲ್ಲ, ನೆಪ ಬೇಡ. ಡಾಕ್ಟ್ರಿಗೆ ಹೇಳ್ತೀನಿ, ಕೆಲಸ ಹೋದ್ರೆ ಹೋಗ್ಲಿ. ಆದ್ರೆ ಆ ಚೀಟಿ ಹಿಡ್ಕೊಂಡು ಇನ್ನೊಂದು ಟ್ಯೂಬು ಮಾರೋಕೆ ಹೊರಟಿದೀರಲ್ಲ, ನಾಚಿಕೆ ಅನ್ನೋದು ನಿಮ್ಮ ಅಂಗಡೀಲಿ ಸ್ಟಾಕ್ ಇಲ್ವಾ?

...

ಫೋನ್ ಅವಳಿಗೆ ಕೊಡಿ. ಕೊಡ್ರೀ... ನಾಗಕ್ಕ? ನಾನು ಕಣಕ್ಕ, ಲ್ಯಾಬ್ ಆಶಾ... ಹೂಂ, ಬೆರಳ ಸಂದಿ ಕೆರೆದೋಳು. ಚೀಟೀಲಿ ತಪ್ಪು ಮಾಡ್ಬುಟ್ಟೆ ಅಕ್ಕ. ಅವರು ಓದಿದ್ದು ಹಿಮ್ಮಡಿದಲ್ಲ... ಅಂಗಲ್ಲ, ಕಾಲು ಕತ್ತರಿಸಲ್ಲ. ಅಕ್ಕಿ ಕಾಳಷ್ಟು ಚರ್ಮ, ಅಷ್ಟೇ. ಸೂಜಿ ಕೊಡ್ತಾರೆ, ನೋವಾಗಲ್ಲ... ನಿನ್ನ ಹೆಂಗೆ ನಂಬೋದು ಅಂತೀಯಾ? ನಂಬಬ್ಯಾಡ ಬುಡು. ಬಂದು ಡಾಕ್ಟ್ರನ್ನ ಕೇಳು. ನಿನ್ನ ಪಕ್ಕದಲ್ಲೇ ನಿಂತು ಅವರೆದುರಿಗೆ ಒಪ್ಕೋತೀನಿ.

...

ಅಕ್ಕಾ?... ಯಾರು, ಶಿವರಾಜು ಅವರಾ? ಅವಳೆಲ್ಲಿ?... ಬಸ್ ಹತ್ತಿದ್ಲಾ? ಯಾವ ಬಸ್ಸು? ಇಲ್ಲಿಗಾ, ಹಿಂದೂಪುರದ ಕಡೆ ಅವಳ ಊರಿಗಾ?... ಎರಡೂ ನಿಂತಿದ್ವು ಅಂದ್ರೆ? ಅಂಗಡಿ ಬಿಟ್ಟು ಆಚೆ ಹೋಗ್ರೀ, ಬೋರ್ಡ್ ನೋಡಿ... ಏನು? ಕೇಳಿಸ್ತಿಲ್ಲ, ಹಿಂದೂಪುರದ್ದಾ, ಮಧುಗಿರಿದಾ... ಹಲೋ? ಲೈನ್ ಕಟ್ಟಾಯ್ತಾ? ಶಿವರಾಜು ಅವರೇ?...