ಕರು ಕೊಟ್ಟಿಗೆಯ ಅಕ್ಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಅತಿಥಿಗಳೇ, ಮೂವತ್ತು ವರ್ಷ ನನ್ನ ಸಿಡುಕನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಸಭಿಕರೇ,

ಇಷ್ಟೊಂದು ಹೊಗಳಿಕೆ ಕೇಳಿ, ನಿವೃತ್ತನಾಗುತ್ತಿರುವವನು ಬೇರೆ ಯಾರೋ ಇರಬೇಕು ಅಂದುಕೊಂಡೆ. ಎಳೆಗರುಗಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳ ಮಹತ್ವವನ್ನು ಈ ಡೇರಿಯಲ್ಲಿ ಮೊದಲು ಅರಿತವನು ನಾನೇ ಎಂದರು ಅಧ್ಯಕ್ಷರು. ತಪ್ಪು. ಮೊದಲು ಅರಿತವರು ಕರು ಕೊಟ್ಟಿಗೆಯ ಅಕ್ಕ. ಅವರನ್ನು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ಹಿಂದಿನ ಸಾಲಿನಲ್ಲಿ ಇಬ್ಬರು ತಲೆಯಾಡಿಸುತ್ತಿದ್ದಾರೆ, ಅಷ್ಟೇ.

ನಾನಾಗ ಹೊಸ ಡಾಕ್ಟರು. ಕರು ಹುಟ್ಟಿದ ಕೂಡಲೇ ತಾಯಿಯಿಂದ ದೂರ ಮಾಡಿ, ಔಷಧಿ ನೀರಿನಲ್ಲಿ ಒರೆಸಿ, ಹಾಲಿಗೆ ಆಂಟಿಬಯೋಟಿಕ್ ಬೆರೆಸಿ ಕುಡಿಸಬೇಕೆಂದು ಆದೇಶ ಹೊರಡಿಸಿದೆ. ಅಕ್ಕ ಬಕೆಟ್ ಹಿಡಿದು ಬಂದು, "ಡಾಕ್ಟ್ರೇ, ತಾಯಿ ಒಂದ್ಸಲ ನೆಕ್ಲಿ ಬಿಡಿ. ಅದರ ಬಾಯಿಂದ ಕರುಗೆ ಏನೋ ಹೋಗುತ್ತೆ," ಅಂದರು.

"ಹೋಗೋದು ಕೊಳೆ," ಅಂದೆ. ಎಲ್ಲರೂ ನಕ್ಕರು. ನಗಿಸಿದೆನಲ್ಲ ಎಂದು ನನಗೂ ಖುಷಿ.

ಆ ತಿಂಗಳು ಒಂಬತ್ತು ಕರುಗಳು ಭೇದಿಯಿಂದ ಸತ್ತವು. ವರದಿಯಲ್ಲಿ ನಾನು ಬರೆದದ್ದು ಒಂದೇ ಸಾಲು: "ಕರು ನೋಡಿಕೊಳ್ಳುವಾಕೆಯ ಕೈ ಸ್ವಚ್ಛವಿರಲಿಲ್ಲ." ಅಕ್ಕನನ್ನು ಕೆಲಸದಿಂದ ತೆಗೆದರು.

ನಾಲ್ಕು ವರ್ಷಗಳ ನಂತರ ಕರುಗಳ ಸಗಣಿ ಪರೀಕ್ಷಿಸುವಾಗ ಗೊತ್ತಾಯಿತು. ತಾಯಿಯ ನಾಲಿಗೆಯಿಂದ, ಕೆಚ್ಚಲಿನಿಂದ ಮೊದಲ ಗಂಟೆಗಳಲ್ಲೇ ಒಳಹೋಗುವ ಜೀವಿಗಳು ಕರುಳಲ್ಲಿ ಬೇರೂರಿ, ರೋಗದ ಜೀವಿಗಳಿಗೆ ಜಾಗ ಕೊಡುವುದಿಲ್ಲ. ನಾನು ಅವುಗಳ ದಾರಿಯನ್ನೇ ಮುಚ್ಚಿದ್ದೆ. ಹೇಗೋ ಒಳಹೊಕ್ಕವನ್ನು ಔಷಧಿ ಹಾಕಿ ಕೊಂದಿದ್ದೆ. ಪ್ರಬಂಧ ಬರೆದೆ. ಬಡ್ತಿ ಬಂತು. ವರದಿಯ ಆ ಸಾಲನ್ನು ತಿದ್ದಿದೆನೇ? ಇಲ್ಲ. ನಾಳೆ ತಿದ್ದೋಣ ಎಂದುಕೊಂಡೆ. ಇಪ್ಪತ್ತಾರು ವರ್ಷ ನಾಳೆ, ನಾಳೆ ಎಂದುಕೊಂಡೆ.

ಹೋದ ವಾರ ಅವರ ಮನೆ ಹುಡುಕಿಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು ಅಂಗೈ ಬಿಡಿಸಿ ನೋಡಿಕೊಂಡರು.

"ಹಂಗಾದ್ರೆ ನನ್ನ ಕೈಯಲ್ಲಿ ರೋಗ ಏನೂ ಇರ್ಲಿಲ್ವಾ, ಡಾಕ್ಟ್ರೇ? ಮಗಳಿಗೆ ಮಗು ಆದಾಗ ನಾನು ಎತ್ಕೊಳ್ಳಲೇ ಇಲ್ಲ. ಬಾಗಿಲಲ್ಲೇ ನಿಂತು ನೋಡ್ತಿದ್ದೆ. ಅಮ್ಮನಿಗೆ ಮೊಮ್ಮಗು ಬೇಡ ಅಂತ ಅವಳು ಈಗ್ಲೂ ಅಂದ್ಕೊಂಡಿದ್ದಾಳೆ."

ನಾನು ಎಷ್ಟು ಕರೆದರೂ ಅಕ್ಕ ಇಲ್ಲಿಗೆ ಬರಲು ಒಪ್ಪಲಿಲ್ಲ. ಅವರ ಮಗಳು ಬಂದು ಮೂರನೆಯ ಸಾಲಿನಲ್ಲಿ ಕುಳಿತಿದ್ದಾರೆ. ಯಾಕೆ ಕರೆದೆನೆಂದು ಅವರಿಗೆ ಈವರೆಗೆ ಗೊತ್ತಿರಲಿಲ್ಲ.

ತಾಯೀ, ನಿಮ್ಮ ಅಮ್ಮ ಮಗುವನ್ನು ಎತ್ತಿಕೊಳ್ಳದೆ ಹೋದದ್ದು ನನ್ನಿಂದ.

ಸಭಿಕರೇ, ಇಷ್ಟು ಕೇಳಿಸಿಕೊಂಡಿರಿ, ಕೃತಜ್ಞತೆಗಳು. ಚಪ್ಪಾಳೆ ಬೇಡ. ನಮಸ್ಕಾರ.